ಕೂತ ಜಾಗದ ವಿದ್ಯೆ

ಗುಬ್ಬಿ ಗೇಟಿನ ನನ್ನ ಅಂಗಡಿಗೆ ತೇಜೋವತಿ ಬಂದಾಗ
ನಾನೊಂದು ಆಟೋದ ಹರಿದ ಬೆನ್ನು ಹೊಲಿಯುತ್ತಿದ್ದೆ.
‘ದಸ್ತಗೀರಣ್ಣ, ವಿಮಾನದ ಸೀಟು ಬೇಕು’ ಅಂದಳು,
ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ಕೇಳಿದ ಹಾಗೆ.

ಹಾರದ ವಿಮಾನ.
ಅಂತರಸನಹಳ್ಳಿಯ ಶೆಡ್ಡಿನೊಳಗೆ
ತಗಡಿನ ಪೆಟ್ಟಿಗೆ, ಮುಂದೆ ಮೂರು ಪರದೆ,
ಒಳಗೆ ಕೂತವನಿಗೆ ಆಕಾಶ.
ವಾಯುಸೇನೆಯ ಹುಡುಗರು ಹಾರುವ ಮೊದಲು
ಇದರಲ್ಲಿ ಕೂತು, ಹಾರದೆ ಕಲಿಯಬೇಕಂತೆ.
ಟೆಂಡರಿನ ಕಾಗದ ಇನ್ನೂರ ಹನ್ನೆರಡು ಹಾಳೆ;
ಪಕ್ಕದ ಗುಜರಿಯವನ ತಕ್ಕಡಿಯಲ್ಲಿ ಒಂದು ಕೇಜಿ ಐವತ್ತು ಗ್ರಾಂ.

ಮೊದಲಾಗಿದ್ದರೆ ಹತ್ತು ವರ್ಷದ ಅನುಭವ ಕೇಳುತ್ತಿದ್ದರು,
ನೂರು ಕೋಟಿಯ ವಹಿವಾಟು ಕೇಳುತ್ತಿದ್ದರು.
ಈ ಸಲ ಒಂದೇ ಸಾಲು: ‘ಪೇಟೆಯಲ್ಲಿ ಸಿಗುವುದರಿಂದಲೇ
ಹೊಸದೇನಾದರೂ ಮಾಡಿ ತೋರಿಸಿ.’
ಅದನ್ನೋದಿ ಅವಳು ಸ್ಕೂಟರು ಮಾರಿ ಠೇವಣಿ ಕಟ್ಟಿ
ಸಿಟಿ ಬಸ್ಸಿನಲ್ಲಿ ನಿಂತು ಓಡಾಡುತ್ತಿದ್ದಳು.
ಫಾರಮ್ಮಿನಲ್ಲಿ ನನಗೂ ಒಂದು ಕಾಲಂ:
ಸೀಟು ತಯಾರಕರ ಪೂರ್ವಾನುಭವ.
ಬರೆಸಿದೆ: ಆಟೋ ಲೆಕ್ಕವಿಲ್ಲ, ಲಾರಿ ನಾನೂರು,
ಹಲ್ಲಿನ ಡಾಕ್ಟರ ಕುರ್ಚಿ ಒಂದು.
ಅವಳು ನಕ್ಕಳು; ಅಳಿಸಲಿಲ್ಲ.

ತೊಡಕಿದ್ದದ್ದು ನಡುಕದಲ್ಲಿ.
ವೇಗ ಸತ್ತು, ರೆಕ್ಕೆ ಗಾಳಿಯ ಹಿಡಿತ ಬಿಡುವ ಮುಂಚೆ
ವಿಮಾನ ಮೈ ನಡುಗಿಸಿ ಹೇಳುತ್ತದಂತೆ, ಬೀಳುತ್ತೇನೆ ಅಂತ.
ಅದನ್ನು ಪರದೆಯಲ್ಲಿ ತೋರಿಸಲಾಗದು.
ಕಣ್ಣಿನದಲ್ಲ, ಅದು ಕೂತ ಜಾಗದ ವಿದ್ಯೆ.
ಜರ್ಮನಿಯ ಮೋಟರಿಗೆ ಹನ್ನೊಂದು ಲಕ್ಷ.
ನಾನು ಹಳೆಯ ಹೊಲಿಗೆ ಯಂತ್ರದ ಮೋಟರಿಗೆ
ಒಂದೇ ಮಗ್ಗುಲಿಗೆ ಸೀಸದ ತೂಕ ಕಟ್ಟಿ
ಫೋಮಿನ ಕೆಳಗೆ, ಬೆನ್ನುಮೂಳೆ ಮುಗಿಯುವ ನೇರಕ್ಕೆ ಕೂರಿಸಿದೆ.
ಹೇಗೆ ಹೊಳೆಯಿತು ಅಂದಳು.
ಬೇರಿಂಗ್ ಹೋದ ಲಾರಿಯ ಡ್ರೈವರುಗಳು
ಮೂವತ್ತು ವರ್ಷ ನನ್ನ ಬಳಿ ದೂರಿದ್ದು ಅದನ್ನೇ:
‘ಸೀಟು ಸರಿ ಇಲ್ಲ ಸಾಬ್ರೆ, ಕೂತ್ರೆ ಏನೋ ಹೇಳ್ತದೆ.’

ಪರೀಕ್ಷೆಯ ದಿನ ವಿಂಗ್ ಕಮಾಂಡರ್ ಸಹೋತಾ ಬಂದರು,
ಜೊತೆಗೆ ಮೀಸೆ ಸರಿಯಾಗಿ ಚಿಗುರದ ಕೆಡೆಟ್ ಒಬ್ಬ.
ಸೇನೆಯ ನಕ್ಷೆ ನಮಗೆ ಕೊಡುವ ಹಾಗಿಲ್ಲವಲ್ಲ,
ತೇಜೋವತಿ ತಾನು ಕಂಡ ಬೆಟ್ಟವನ್ನೇ ಪರದೆಗೆ ಹಾಕಿದ್ದಳು.
ಹುಡುಗ ದೇವರಾಯನದುರ್ಗಕ್ಕೆ ಒಂಬತ್ತು ಸಲ ಬಡಿದ.
ಅಮಾನಿಕೆರೆಯಲ್ಲಿ ಎರಡು ಸಲ ಮುಳುಗಿದ.
ಪ್ರತಿ ಸಲ ಪರದೆ ಕಪ್ಪಾಗಿ, ಮತ್ತೆ ಬೆಳಗಾಗಿ,
ಮತ್ತೆ ಅದೇ ರನ್‌ವೇ.
ನಡುವೆ ಟೀ ಕುಡಿದ, ಬಿಸ್ಕತ್ತು ಅದ್ದಿ ತಿಂದ.
ಹನ್ನೆರಡನೆಯ ಸಲ ಸೀಟು ನಡುಗಿದ್ದೇ ತಡ
ಕೋಲನ್ನು ಮುಂದಕ್ಕೆ ಒತ್ತಿದ, ಮೂಗು ತಗ್ಗಿತು,
ಬೆಟ್ಟ ಅವನ ಪಕ್ಕದಿಂದ ಸುಮ್ಮನೆ ಸರಿದುಹೋಯಿತು.

ಆಮೇಲೆ ಸಹೋತಾ ತಾವೇ ಕೂತರು.
ಪರದೆ ಆರಿಸಿ, ನಡುಕ ಮಾತ್ರ ಇರಲಿ ಅಂದರು.
ಕಣ್ಣು ಮುಚ್ಚಿದ್ದರು. ಎಷ್ಟು ಹೊತ್ತೋ,
ಮೋಟರು ಕಾದ ವಾಸನೆ ಬರುವವರೆಗೆ.
ಎದ್ದು ನನ್ನ ಕಡೆ ತಿರುಗಿ
ಅವರ ಹಿಂದಿಗೂ ನನ್ನ ಮನೆಯ ಉರ್ದುವಿಗೂ ಸೇರಿದ ಮಾತಿನಲ್ಲಿ ಕೇಳಿದರು:
‘ಹದಿನೆಂಟು ವರ್ಷದ ಹಿಂದೆ ಇದೆಲ್ಲಿತ್ತು?’
ಲೆಕ್ಕ ಹಾಕಿದೆ. ‘ನನ್ನ ಹೆಂಡತಿಯ ಮೆಷಿನಿನಲ್ಲಿ, ಸಾಹೇಬರೆ.
ಲಂಗ ಹೊಲಿಯುತ್ತಿತ್ತು.’
ಅವರು ನಗಲಿಲ್ಲ. ಸೀಟನ್ನೊಮ್ಮೆ ತಟ್ಟಿ ಹೊರಟರು,
ಯಾರದೋ ಭುಜ ತಟ್ಟಿದ ಹಾಗೆ.

ಈಗ ಬಿಲ್ಲು ದಿಲ್ಲಿಯಲ್ಲಿದೆ, ನೂರಾ ಹತ್ತು ದಿನ.
ನಿಯಮದ ಪ್ರಕಾರ ದಾರ ಬೂದಿ ಬಣ್ಣದ್ದೇ ಇರಬೇಕು;
ಅಡಿಯಲ್ಲಿ ನಾನೊಂದು ಹಸಿರು ಗಂಟು ಹಾಕಿದ್ದೆ,
ನನ್ನ ಗುರುತು, ಆಟೋಗೂ ಹಾಕುತ್ತೇನೆ.
ತಪಾಸಣೆಯವರು ಟಾರ್ಚು ಬಿಟ್ಟು ಹುಡುಕಿ ಷರಾ ಬರೆದರು:
‘ಹಸಿರು ದಾರ, ಗಂಟು ಒಂದು. ಕಾರಣ ತಿಳಿಸಿ.’
ದಿನಾ ಫೋನು ಮಾಡುತ್ತಾಳೆ ತೇಜೋವತಿ,
ಏನಾದರೂ ಬರೆದುಕೊಡಿ ಅಣ್ಣ.
ಕಾಲಂ ಎರಡು ಬೆರಳಗಲ.
ಹೊರಗೊಬ್ಬ ಆಟೋದವನು ಹಾರ್ನು ಹೊಡೆಯುತ್ತಿದ್ದಾನೆ.