ಹೊರಗೋಡೆ

ಮೊದಲು ಸಿಕ್ಕಿಬಿದ್ದದ್ದು ಫಿಲೋಮಿನಾ ಟೀಚರ ಸೆರಗು.
ತಿಳಿಹಸಿರು ಜಾರ್ಜೆಟ್ಟು,
ಫಾಲ್ ಹೊಲಿದು, ಕೊಡವಿ, ಮಡಿಸುವಾಗ
ಗೋಡೆ ಒಂದೆಳೆ ಹಿಡಿದುಕೊಂಡಿತು,
ಬಿಡಲಿಲ್ಲ.

ಅದರ ತಪ್ಪಲ್ಲ.
ಜಗಲಿಗೆ ಶೀಟು ಹೊದಿಸಿ, ಎರಡು ಕಡೆ ಕಿಟಕಿ ಕೂರಿಸಿ
'ವಾರಿಜ ಟೈಲರ್ಸ್, ಮರೋಳಿ' ಎಂದು ಬೋರ್ಡು ತೂಗಿದ ದಿನ
ಹೊರಗೋಡೆ ಒಳಗಾಯಿತು.
ಅದಕ್ಕೆ ಯಾರೂ ಹೇಳಲಿಲ್ಲ.
ಜೂನ್ ಬರುತ್ತದೆಂದು ಮೈಯೆಲ್ಲ ಮುಳ್ಳು ಮಾಡಿಕೊಂಡು
ನಿಂತೇ ಇತ್ತು.

ನನ್ನ ಮೊಣಕೈಯಲ್ಲಿ ಅದರ ಗುರುತು ಮೂರು.
ನಾಲ್ಕನೆಯದಕ್ಕೆ ಮುಂಚೆ ಐತಪ್ಪ ಮೇಸ್ತ್ರಿಗೆ ಫೋನು ಮಾಡಿದೆ.

ಮೇಸ್ತ್ರಿಗೆ ಈಗ ಎತ್ತರ ಆಗುವುದಿಲ್ಲ, ಸ್ಟೂಲಿನ ಕೆಲಸ ಮಾತ್ರ.
ಜೊತೆಗೆ ಜಾರ್ಖಂಡದ ಹುಡುಗ, ಬುಧುವಾ.
ಇಬ್ಬರ ನಡುವೆ ಅರ್ಧ ತುಳು, ಅರ್ಧ ಹಿಂದಿ,
ಉಳಿದದ್ದೆಲ್ಲ ಕರಣೆ.

ಬಂದವರು ಚಾ ಮುಟ್ಟಲಿಲ್ಲ.
ಬಟ್ಟೆ ನೋಡುವ ಗಿರಾಕಿಯ ಹಾಗೆ
ಅಂಗೈಯಿಟ್ಟು ಬಾಗಿಲಿಂದ ಮೂಲೆಯವರೆಗೆ ಸವರಿದರು.
ಮೀಟರ್ ಪೆಟ್ಟಿಗೆಯ ಹತ್ತಿರ ನಿಂತು
"ಇಲ್ಲಿವರೆಗೆ ನಾನು" ಅಂದರು.
"ಇಲ್ಲಿಂದ ನಿನ್ನ ಅಮ್ಮ."

ನನಗೆ ಗೊತ್ತಿರಲಿಲ್ಲ.
ಅಮ್ಮ ಗಾರೆ ಹೊರುವ ಆಳೆಂದು ಗೊತ್ತು,
ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ, ಗೊತ್ತು.
ಊರವರ ಮನೆಗಳಿಗೆಲ್ಲ ಹೊತ್ತು ಹೊತ್ತು
ಒಂದು ಮೇ ತಿಂಗಳಲ್ಲಿ ತನ್ನದಕ್ಕೂ ಹೊತ್ತಳು, ಅದೂ ಗೊತ್ತು.

"ಮೂರನೇ ದಿನ ನಾನು ಬರಲಿಲ್ಲ, ಜ್ವರ.
ಇವಳು ಬೆಳಿಗ್ಗೆಯೇ ಕಲಸಿಟ್ಟಿದ್ದಾಳೆ.
ಸಿಮೆಂಟು ಯಾರಿಗಾದರೂ ಕಾಯ್ತದಾ ಮಾರಾಯ್ತಿ?
ಅಪ್ಪಿಯೇ ಎರಚಿದ್ದು. ನೋಡು,
ನನ್ನದು ಆ ಕಡೆ ಬಾಗಿದೆ, ಅವಳದ್ದು ಈ ಕಡೆ.
ಎಡಗೈಯಲ್ವಾ."

ಎಡಗೈ.
ಮದುವೆಮನೆಯಲ್ಲಿ ಬಡಿಸಲು ಬಿಡದ ಕೈ.
ಅಜ್ಜಿ ಸೌಟಿನಲ್ಲಿ ಹೊಡೆದು ಹೊಡೆದು
ಉಣ್ಣುವುದಕ್ಕಷ್ಟೇ ಬಲಕ್ಕೆ ತಂದಿದ್ದಳಂತೆ.
ಅದೇ ಕೈ ಹೊಯಿಗೆ, ಜಲ್ಲಿಪುಡಿ, ಸಿಮೆಂಟು ಹಿಡಿದು
ಮುರಕಲ್ಲಿಗೆ ಬೀಸಿ ಬೀಸಿ ಹೊಡೆದಿದೆ.
ಕೆಲವು ಕಡೆ ಸಿಟ್ಟು ಬಂದ ಹಾಗೆ ದಪ್ಪ.
ಮೂಲೆಗೆ ಹೋಗುತ್ತ
ಚೀಲ ಮುಗಿಯುತ್ತ ಬಂದದ್ದು ಕಾಣುತ್ತದೆ.

"ಬೇಕಾದರೆ ಒಂದು ಚೌಕ ಬಿಡುವಾ,
ಫ್ರೇಮು ಹಾಕಿದ ಹಾಗೆ.
ಈಗ ದೊಡ್ಡವರೆಲ್ಲ ದುಡ್ಡು ಕೊಟ್ಟು ಹೀಗೆ ಮಾಡಿಸ್ತಾರೆ,
ಟೆಕ್ಸ್‌ಚರ್ ಅಂತ."
ಫಿಲೋಮಿನಾ ಟೀಚರಿಗೆ ತೆತ್ತ ಎರಡು ಸಾವಿರದ ನಾನೂರು ನೆನೆದೆ.
ಬೇಡ, ಪೂರಾ ಮುಚ್ಚಿ ಅಂದೆ.
ಅಮ್ಮನಿಗೆ ಇದ್ದದ್ದು ಎರಡೇ ಒಳ್ಳೆಯ ಸೀರೆ,
ಅವಳೂ ಹಾಗೇ ಅನ್ನುತ್ತಿದ್ದಳು.

ಕೊಚ್ಚುವುದು ಬೇಡವಂತೆ.
ನುಣುಪು ಗೋಡೆಯಾದರೆ ಉಳಿಯಿಂದ ಗಾಯ ಮಾಡಬೇಕು,
ಇಲ್ಲವಾದರೆ ಹೊಸ ಗಾರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.
ಇದು ತಾನೇ ಹಿಡಿಯುತ್ತದೆ.
ತಂತಿ ಬ್ರಶ್ಶಿನಿಂದ ಪಾಚಿ ಉಜ್ಜಿದರು, ಸುಣ್ಣ ಕೆರೆದರು,
ನೀರು ಕುಡಿಸಿ, ಸಿಮೆಂಟಿನ ತಿಳಿ ಬಳಿದರು.
ಬುಧುವಾ ಕಲಸಿ ಕೊಟ್ಟ, ಮೇಸ್ತ್ರಿ ಎಳೆದರು.
ಮಟ್ಟಗೋಲು ಇಟ್ಟು ನೋಡಿದರೆ
ಅಮ್ಮನ ಕಡೆ ಗಾರೆ ಹೆಚ್ಚು ತಿಂದಿದೆ.
ಎರಡು ಬಾಂಡ್ಲಿ ಜಾಸ್ತಿ. ಅದಕ್ಕೆ ಬೇರೆ ಲೆಕ್ಕ.

ಮಧ್ಯಾಹ್ನ ಗಂಜಿ, ಬಂಗುಡೆ ಪುಳಿಮುಂಚಿ.
ಸಂಜೆಗೆ ಗೋಡೆ ಒದ್ದೆ ಬೂದು,
ಯಾರದ್ದೂ ಅಲ್ಲದ್ದು.
ಒಂದು ವಾರ ಮಿಷನ್ನಿಗೆ ಪ್ಲಾಸ್ಟಿಕ್ ಹೊದಿಸಿ
ಬೆಳಿಗ್ಗೆ ಸಂಜೆ ನೀರು ಹನಿಸಿದೆ.

ಈಗ ಪುಟ್ಟಿ ಬಳಿದು ಬಿಳಿ.
ಜಾರ್ಜೆಟ್ಟು, ಶಿಫಾನು, ಅಡ್ಯಾರಿನ ಮದುಮಗಳ ಜರಿ,
ಯಾವುದನ್ನೂ ಮುಟ್ಟುವುದಿಲ್ಲ.
ಮೂಲೆಯಲ್ಲಿ ಮಾತ್ರ ಟ್ಯೂಬ್‌ಲೈಟು ಓರೆಯಾಗಿ ಬಿದ್ದರೆ
ಒಂದು ಸಣ್ಣ ಉಬ್ಬು.
ಯಾರಾದರೂ ಕೇಳಿದರೆ
ಮೇಸ್ತ್ರಿಗೆ ಕಣ್ಣು ಮಂಜು ಅನ್ನುತ್ತೇನೆ.

ರವಿಕೆಗೆ ತೋಳು ಜೋಡಿಸುವಾಗ
ಬಟ್ಟೆ ತಿರುಗಿಸಬೇಕು, ಗೋಡೆಯ ಕಡೆ.
ಮೊಣಕೈ ಅಲ್ಲಿಗೆ ಬಂದಾಗ ಈಗಲೂ
ತಾನಾಗಿ ಒಳಗೆಳೆದುಕೊಳ್ಳುತ್ತದೆ,
ಒಂದು ಅಂಗುಲ.