ರಟ್ಟು

ರಟ್ಟು ಹರಿದೇ ತಂದಿದ್ದರು ಸೆವ್ರಿನಾ ಬಾಯಿ,
ಎಂಬತ್ತಮೂರರಲ್ಲಿ, ಬೊಂಬಾಯಿ ದಾರಿಯಾಗಿ,
ಕುಚ್ಚಲಕ್ಕಿ ಗಂಟಿನೊಳಗೆ ಹೂತು.
ಮೊದಲ ಹಾಳೆಯೂ ಇಲ್ಲ. ಹೆಸರಿಲ್ಲ, ಬರೆದವರು ಯಾರೆಂದಿಲ್ಲ.
ಊರಿನ ಕಾಲೇಜಿನೆದುರು ಅದನ್ನು ಸುಟ್ಟಿದ್ದರಂತೆ.
ಸುಟ್ಟವರಲ್ಲಿ ಬಾಯಿಯ ಅಣ್ಣನೂ ಇದ್ದ.
ಈ ಪ್ರತಿ ಅವನ ಹಾಸಿಗೆಯಡಿ ಸಿಕ್ಕಿದ್ದು.

ಕಸ್ಟಮ್ಸಿನವನು ತಲೆಕೆಳಗಾಗಿ ಹಿಡಿದು ತಿರುವಿದ.
ಚಿತ್ರ ಹುಡುಕಿದ. ಚಿತ್ರವಿರಲಿಲ್ಲ.
ಇದೇನು ಅಂದ. "ಕಿಸ್ಸಾ," ಅಂದರು ಬಾಯಿ.
ಜತೆಗಿದ್ದ ವಾರಪತ್ರಿಕೆಯ ಮುಖಪುಟದ ನಟಿಗೆ
ಕಪ್ಪು ಮಾರ್ಕರಿನಲ್ಲಿ ತೋಳುದ್ದದ ರವಿಕೆ ತೊಡಿಸಿ
ಎರಡನ್ನೂ ಬಿಟ್ಟುಕೊಟ್ಟ.
ಅವನೂ ನನ್ನ ಕಸುಬಿನವನೇ.

ಮನಾಮಾ ಸೂಕಿನ ಒಳಓಣಿಯಲ್ಲಿ ನನ್ನ ಹೊಲಿಗೆಯಂಗಡಿ.
ಬಿಡಿಬಿಡಿಯಾದ ಹಾಳೆಗಳನ್ನು ದಬ್ಬಳದಲ್ಲಿ ಹೊಲಿದು
ಅಬಾಯಾ ಕತ್ತರಿಸಿ ಉಳಿದ ಬಟ್ಟೆ ಹೊದಿಸಿದೆ.
ಮೈತುಂಬ ಹೊದ್ದು ಅದು ಮನೆಮನೆ ಸುತ್ತಿತು:
ಗುದೈಬಿಯಾದ ನರ್ಸುಗಳ ಕೋಣೆ, ಸಿತ್ರಾದ ಕ್ಯಾಂಪು,
ಟ್ಯಾಂಕರ್ ಓಡಿಸುವ ಹಸನಬ್ಬನ ಸೀಟಿನಡಿ,
ಶುಕ್ರವಾರದ ಭಜನೆಗೆ ತಾಳ ಹಿಡಿಯುವ
ವಾಮನ ಕೋಟ್ಯಾನರ ಟ್ರಂಕು.
ಎರಡು ದಿನಕ್ಕೆಂದು ಒಯ್ದವರು ಎರಡು ವಾರ ಇಟ್ಟುಕೊಂಡರು.
ಡೆಟಾಲು, ಡೀಸೆಲ್, ಊದುಬತ್ತಿ:
ಯಾರಲ್ಲಿತ್ತೆಂದು ಮೂಸಿಯೇ ಹೇಳುತ್ತಿದ್ದೆ.

ನೂರಾ ಹದಿಮೂರನೇ ಪುಟ.
ಮೇಜಿನ ಮೇಲಿಟ್ಟರೆ ತಾನಾಗಿ ಅಲ್ಲೇ ಬಾಯಿಬಿಡುತ್ತಿತ್ತು.
ವಿಧವೆಯೊಬ್ಬಳು ಜ್ವರ ಬಂದ ಮೇಷ್ಟರ
ಅಂಗಿಯ ಗುಂಡಿ ಬಿಚ್ಚುತ್ತಾಳೆ, ಒಂದೊಂದಾಗಿ,
ಒಟ್ಟು ಐದು. ಆಮೇಲೆ ದೀಪ.
ಅಷ್ಟೇ, ಪುಟ ಮುಗಿಯಿತು.
ಹೆಂಡತಿಯ ಕಾಗದಕ್ಕೆ ತಿಂಗಳುಗಟ್ಟಲೆ ಕಾಯುತ್ತಿದ್ದ ಗಂಡಸರು
ಆ ಐದು ಗುಂಡಿಗಳನ್ನು ಎಷ್ಟು ಸಲ ಬಿಚ್ಚಿದರೋ.
ಹಾಳೆ ತಿರುವಿದವರು ಕಡಿಮೆ.

ಗುಲಾಬಿ ತಿರುವಿದ್ದಳು. ಶಿರ್ವದವಳು,
ರಿಫಾದ ದೊಡ್ಡ ಮನೆಯೊಂದರಲ್ಲಿ ಅಡಿಗೆ, ನೆಲ, ನಾಲ್ಕು ಮಕ್ಕಳು.
ಯಜಮಾನಿಯ ಬಟ್ಟೆ ಒಯ್ಯಲು ಬಂದಾಗ ನಿಂತೇ ಓದುತ್ತಿದ್ದಳು,
ಬೆರಳಿಟ್ಟು, ತುಟಿಯಾಡಿಸಿ, ಒಮ್ಮೆ ಬಂದರೆ ಅರ್ಧ ಪುಟ.
ಒಂದು ದಿನ ಕೇಳಿದಳು:
"ಬಿಸಿನೀರು ತಂದ ಹುಡುಗಿಗೆ ಆಮೇಲೆ ಎಂತ ಆಯ್ತು?"
ಯಾವ ಹುಡುಗಿ, ಅಂದೆ, ಕಾಜಾ ಹೊಲಿಯುತ್ತ.
ಕೋಟ್ಯಾನರು ಕಿಸಕ್ಕೆಂದರು. ಅವಳು ಮತ್ತೆ ಕೇಳಲಿಲ್ಲ.
ರಂಜಾನ್ ಕಳೆದ ಮೇಲೆ ಬಟ್ಟೆ ಒಯ್ಯಲು
ಬೇರೊಬ್ಬಳು ಬಂದಳು, ಶ್ರೀಲಂಕಾದವಳು.

ಮೊನ್ನೆ ರವಿಕೆಯ ಅಳತೆಗೆ ಬಂದ ಬ್ಯಾಂಕಿನ ಹುಡುಗಿ
ಕಪಾಟಿನಿಂದ ಅದನ್ನೆಳೆದಳು. ಬಾಯಿಬಿಟ್ಟ ಪುಟ ಓದಿ
"ಇಷ್ಟಕ್ಕೇ ಸುಟ್ರಾ ಅಂಕಲ್?" ಎಂದು ನಕ್ಕಳು.
ನಾನೂ ನಕ್ಕೆ. ಅವಳು ಹಾಳೆ ತಿರುವಿದಳು.
ಕತ್ತಲಲ್ಲಿ ತಪ್ಪಲೆ ಹೊತ್ತು ಬಂದ ಆಳುಹುಡುಗಿ
ಎಡವುತ್ತಾಳೆ. ನೀರು ಅವಳ ಮೇಲೇ.
ಮೇಷ್ಟರು ಕೆನ್ನೆಗೊಂದು ಬಾರಿಸುತ್ತಾರೆ. ವಿಧವೆ ನಗುತ್ತಾಳೆ.
ಮೂರೇ ಸಾಲು, ಕಥೆ ಮುಂದೆ ಹೋಗುತ್ತದೆ.
ಸುಟ್ಟವರೂ ಇದನ್ನು ಎತ್ತಿ ಆಡಲಿಲ್ಲ,
ಕದ್ದು ಓದಿದ ನಾವೂ.

ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಒತ್ತಕ್ಷರ ಬಿಟ್ಟುಹೋದ ಬರಹ:
ಕೈ ಸುಟಿತಾ

ನಲವತ್ತು ವರ್ಷ ನನ್ನ ಕಪ್ಪು ಬಟ್ಟೆಯೊಳಗೇ ಇತ್ತು.
ಯಾರು ಬರೆದಿದ್ದು, ಕೇಳಿದಳು.
ಹೆಸರು ಹೇಳಿದೆ. ಊರು ಹೇಳಿದೆ.
ಅವರಿಗೆ ಆಮೇಲೆ ಏನಾಯ್ತು, ಅಂದಳು.
ಟೇಪು ಹಿಡಿದು ನಿಂತಿದ್ದೆ,
ತೋಳಿನುದ್ದ ಎಷ್ಟೆಂದು ಮರೆತು.