ಕದ್ದು ಕೇಳಿದ್ದು

ಕದ್ದು ಕೇಳಿದೆ ಅನ್ನುತ್ತೀರಿ.
ಕದ್ದರೆ ಒಡೆಯನಿಗೆ ಏನಾದರೂ ಕಳೆಯಬೇಕಲ್ಲ?
ಅವರ ಮಾತು, ಒಂದಂಕಿ ಸವೆಯದೆ, ಒಂದು ಚುಕ್ಕಿ ಕದಲದೆ,
ತಲುಪಬೇಕಾದಲ್ಲಿಗೆ ತಲುಪಿತು.
ನಡುವೆ ನಾನಿದ್ದೆ, ಅಷ್ಟೆ.

ಟ್ರಿಯೆಸ್ತೆಯ ನೆತ್ತಿಗೆ, ಸುಣ್ಣಗಲ್ಲಿನ ದಿಬ್ಬದ ಮೇಲೆ
ತಗಡಿನ ಗೂಡು, ಇಬ್ಬರಿಗೊಂದು ಸೀಮೆಎಣ್ಣೆ ಒಲೆ.
ಬೋರಾ ಗಾಳಿ ಎದ್ದರೆ ಬಾಗಿಲಿಗೆ ಕಲ್ಲು ಒರಗಿಸಬೇಕು.
ಎರಡು ಮೈಲಿಗೆ ಗಡಿ. ಗಡಿಯಾಚೆ
ರಾತ್ರಿ ಹನ್ನೊಂದು ನಲವತ್ತಕ್ಕೆ
ಒಬ್ಬಳು ಮೋರ್ಸ್ ಕೀಲಿ ತಟ್ಟುತ್ತಿದ್ದಳು.
‘ಒಬ್ಬಳು ಅಂತ ನಿನಗೆ ಹೇಗೆ ಗೊತ್ತು?’
ಜತೆಗಾರ ಬ್ರೂಮಾತಿ ನಗುತ್ತಿದ್ದ.
ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಗುಟ್ಟು ಒಡೆಯುವುದು ನಮ್ಮ ಕೆಲಸವಲ್ಲ.
ಐದೈದು ಅಂಕಿಯ ಗುಂಪು, ಅರ್ಥವಿಲ್ಲದ ಕಾಳು,
ಬರೆದು, ಎಣಿಸಿ, ಬೆಳಗಿನ ಜೀಪಿಗೆ ಕೊಡುವುದು.
ಆದರೆ ಕೈ ಅಡಗುತ್ತದೆಯೇ?
ಗೆರೆಯನ್ನು ಕೂದಲೆಳೆಯಷ್ಟು ಹೆಚ್ಚು ಎಳೆಯುವ ಕೈ,
ಏಳು ಬಂದಾಗ ತುಸು ಎಡವುವ ಕೈ.
ನೆಗಡಿಯಾದ ವಾರ, ಗುಂಪು ಗುಂಪಿನ ನಡುವೆ
ಒಂದು ಸೀನಿನಷ್ಟು ಬಿಡುವು.
ಫೆಬ್ರವರಿಯಲ್ಲಿ ಹದಿನೈದು ದಿನ ಬೇರೆ ಕೈ ಬಂತು,
ಬಿರುಸು, ಮರದ ಕೈ. ನನಗೆ ಅನ್ನ ಸೇರಲಿಲ್ಲ.
ಕೇಳುವುದೊಂದೇ ನನ್ನ ಕೆಲಸ;
ಹೇಗಿದ್ದಾಳೆ ಅಂತ ಕೇಳುವ ಹಾಗಿರಲಿಲ್ಲ.

ಈಗ ಮೊಮ್ಮಗಳು ನಿವೇಸ್
ಬಂದರಿನ ಕಚೇರಿಯಲ್ಲಿ ಜಾಲ ಕಾಯುತ್ತಾಳೆ.
ಭಾನುವಾರ ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಳು:
ಪರದೆ ತುಂಬ ಇರುವೆ ಸಾಲಿನಂತೆ ಪ್ಯಾಕೆಟ್ಟುಗಳು.
‘ನೋಡು ನೋನೋ, ಎಲ್ಲಕ್ಕೂ ಬೀಗ.
ಈಗ ಯಾರು ಕಿವಿಯಿಟ್ಟರೂ ಸಿಗುವುದು ಬರೀ ಹೊಟ್ಟು.’

ಕನ್ನಡಕ ಏರಿಸಿದೆ. ಓದಲಿಲ್ಲ, ಆಲಿಸಿದೆ.
ಎಡಗಡೆ ಹೊತ್ತು, ಬಲಗಡೆ ಗಾತ್ರ.
ಇದು ಉದ್ದ. ಉತ್ತರ ಗಿಡ್ಡ.
ಮತ್ತೆ ಉದ್ದ. ಉತ್ತರವಿಲ್ಲ.
ನಾಲ್ಕು ನಿಮಿಷ.
ಉದ್ದ, ಉದ್ದ, ಆಮೇಲೆ ತೀರಾ ಚಿಕ್ಕದೊಂದು.
‘ಈ ಕಡೆಯವರು ಬೇಡುತ್ತಿದ್ದಾರೆ,’ ಅಂದೆ.
‘ಆ ಕಡೆಯವರು ಆಗಲೇ ಎದ್ದು ಹೋಗಿಯಾಗಿದೆ.’
ನಿವೇಸ್ ಮುಚ್ಚಳ ಮುಚ್ಚಿದಳು.
ಮಾದರಿಗೆಂದು ಹಿಡಿದದ್ದು ಅವಳದೇ ಫೋನಿನ ದಾರಿ.
ನಾನು ಕಾಫಿ ಕಾಯಿಸಲು ಒಳಗೆ ಹೋದೆ,
ಸಕ್ಕರೆ ಡಬ್ಬಿ ಹುಡುಕಲು ಬಹಳ ಹೊತ್ತು ತೆಗೆದುಕೊಂಡೆ.

ಅವಳಿಗೆ ಹೇಳದ್ದೊಂದಿದೆ.
ಎಪ್ಪತ್ತೊಂದರ ಮಾರ್ಚ್. ಕೊನೆಯ ಗುಂಪು ಮುಗಿದು
ಮುಕ್ತಾಯದ ಗುರುತೂ ಬಂತು. ಪೆನ್ಸಿಲ್ ಇಟ್ಟೆ.
ಆಗ, ಸೇನೆಯ ಶಿಸ್ತು ಒಪ್ಪದ ಎರಡು ಚುಕ್ಕಿ.
ಹೋಗಿಬರುತ್ತೇನೆ ಅನ್ನುವ ಹಾಗೆ, ಮೆಲ್ಲಗೆ.

ಆ ತುದಿಯವನಿಗೋ? ಬೆರಳು ಜಾರಿತೋ?
ನನ್ನ ಸುಳಿವು ಅವಳಿಗೆ ಸಿಕ್ಕಿರಲು ಸಾಧ್ಯವೇ ಇಲ್ಲ,
ಕೇಳುವ ಪೆಟ್ಟಿಗೆ ಉಸಿರೂ ಬಿಡುವುದಿಲ್ಲ.
ನನ್ನ ತೋರುಬೆರಳು ಮೇಜಿನ ಮೇಲೆ ಎದ್ದಿತ್ತು,
ತಟ್ಟಲು ನಮ್ಮಲ್ಲಿ ಕೀಲಿ ಎಲ್ಲಿತ್ತು?

ಮರುದಿನದಿಂದ ಮರದ ಕೈ.
ಆ ಎರಡು ಚುಕ್ಕಿ ನಾನು ದಿನಚರಿಗೆ ಏರಿಸಲಿಲ್ಲ,
ಜೀಪಿಗೆ ಕೊಡಲಿಲ್ಲ, ಬ್ರೂಮಾತಿಗೂ ಹೇಳಲಿಲ್ಲ.
ಅದೊಂದನ್ನು ಬೇಕಾದರೆ
ಕದ್ದೆ ಅನ್ನಿ.